ಸ್ನೋಬೋರ್ಡ್ ಕಾರ್ವಿಂಗ್‌ಗೆ ಗಟ್ಟಿ ಸಾಫ್ಟ್ ಬೂಟ್ ಬೇಕು. 10ರ ಫ್ಲೆಕ್ಸ್ ತಗೊಳ್ಳಲಾ? (ಚಿಕ್ಕಮಗಳೂರಿನಿಂದ)

ಕಣದಂಚು

ಎಲ್ಲರಿಗೂ ನಮಸ್ಕಾರ. ಕೈಮರದಿಂದ ಮೇಲೆ ನಮ್ಮದು ಸ್ವಲ್ಪ ತೋಟ ಇದೆ. ಬರೀ ಅರೇಬಿಕಾ. ಜನವರಿ ಕೊನೆಗೆ ಕೊಯ್ಲು ಮುಗಿದರೆ ಹೂಮಳೆ ಬರುವವರೆಗೆ ಒಂದು ತಿಂಗಳು ಉಸಿರಾಡಬಹುದು. ಆ ಬಿಡುವಿನಲ್ಲಿ ನಾಲ್ಕು ವರ್ಷ ಗುಲ್ಮಾರ್ಗ್‌ಗೆ ಹೋಗಿ ಸ್ನೋಬೋರ್ಡ್ ಕಲಿತೆ. ಕಳೆದ ಫೆಬ್ರವರಿಯಲ್ಲಿ ತಮ್ಮ ಮ್ಯೂನಿಕ್‌ನಲ್ಲಿ ಇದ್ದಾನಲ್ಲ ಅಂತ ಆಸ್ಟ್ರಿಯಾದ ಟಿರೋಲ್ ಕಡೆ ಐದು ದಿನ ಆಡಿ ಬಂದೆ.

ಅಲ್ಲಿ ರಾತ್ರಿಯೆಲ್ಲ ಯಂತ್ರ ಓಡಿಸಿ ಇಳಿಜಾರನ್ನು ಸಮ ಮಾಡಿಡುತ್ತಾರೆ. ಬೆಳಿಗ್ಗೆ ಎಂಟೂವರೆಗೆ ನಿಂತು ನೋಡಿದರೆ ಆಗಷ್ಟೇ ಬಾಚಿದ ತಲೆಯ ಹಾಗೆ ಗೆರೆ ಗೆರೆ. ನನ್ನ ಮುಂದೆ ಒಬ್ಬ ಅಜ್ಜ, ಅರವತ್ತೈದು ದಾಟಿರಬೇಕು, ಬೋರ್ಡ್ ಅಂಚಿನ ಮೇಲೆ ಮಲಗಿಕೊಂಡೇ ಇಳಿದ. ಇದಕ್ಕೇ ಕಾರ್ವಿಂಗ್ ಅನ್ನೋದು. ಹಿಂದೆ ಉಳಿದದ್ದು ರಂಗೋಲಿ ಎಳೆಯಷ್ಟು ಸಣ್ಣ ಗೆರೆ. ನಾನು ತಿರುಗಿದ ಜಾಗದಲ್ಲಿ ಕಣದಲ್ಲಿ ಕಾಫಿ ಎಳೆದ ಹಾಗೆ ಹಿಮ ಹರಡಿಕೊಂಡಿತ್ತು. ಅವತ್ತಿನಿಂದ ತಲೆಯಲ್ಲಿ ಬೇರೆ ಏನೂ ಇಲ್ಲ.

ಬಾಡಿಗೆ ಬೂಟು ಹಾಕಿದ್ದೆ. ಕಾಲ್ಬೆರಳ ಕಡೆ ವಾಲಿದಾಗಲೆಲ್ಲ ಹಿಮ್ಮಡಿ ಒಳಗೇ ಮೇಲೆದ್ದು ಬರುತ್ತಿತ್ತು. ಹಿಮ್ಮಡಿ ಕಡೆ ವಾಲಿದರೆ ಬೂಟು ಹಳೇ ಗಮ್‌ಬೂಟಿನ ಹಾಗೆ ಮಡಚಿಕೊಳ್ಳುತ್ತಿತ್ತು. ಒಂದೆರಡು ಸಲ ಚೆನ್ನಾಗಿ ವಾಲಿದೆ ಅನ್ನುವಷ್ಟರಲ್ಲಿ ಬೂಟಿನ ಮೂತಿ ಹಿಮಕ್ಕೆ ಕಚ್ಚಿ ಮುಗ್ಗರಿಸಿದೆ.

ಹಾಗಾಗಿ ಸ್ವಂತ ಬೂಟು ತಗೊಳ್ಳೋಣ ಅಂತ. ಓದಿದ ಕಡೆಯೆಲ್ಲ 'ಕಾರ್ವಿಂಗ್‌ಗೆ ಗಟ್ಟಿ ಬೂಟು' ಅಂತಲೇ ಇದೆ. ಬೂಟು ಎಷ್ಟು ಗಟ್ಟಿ ಅನ್ನೋ ನಂಬರಿಗೆ ಫ್ಲೆಕ್ಸ್ ಅಂತಾರೆ, 1 ಮೆತ್ತಗೆ, 10 ತೀರಾ ಗಟ್ಟಿ. ಸೀದಾ 10ಕ್ಕೆ 10 ಇರೋದೇ ತಗೊಳ್ಳಲಾ? ನನ್ನ ತೂಕ 68 ಕಿಲೋ, ಎತ್ತರ ಐದಡಿ ಏಳು. ಶೂ ಹಾಕೋದು ಯುಕೆ 9. ಬೋರ್ಡಿನ ನಡು ಅಗಲ 25.2 ಸೆಂ.ಮೀ.

ಹಾಸನದ ಸೈಕಲ್

ಮುಳ್ಳಯ್ಯನಗಿರಿ 1,930 ಮೀಟರ್ ಇರಬಹುದು, ಅಲ್ಲಿ ಮಂಜು ಬರುತ್ತೆ, ಹಿಮ ಯಾವತ್ತು ಬಿತ್ತು ಗುರುವೇ? 😄

ತಮಾಷೆಗೆ ಹೇಳಿದೆ. ಸ್ನೋಬೋರ್ಡ್ ನನಗೆ ಗೊತ್ತಿಲ್ಲ. ಆದರೆ ಸೈಕಲ್ ಶೂನಲ್ಲೂ ಇದೇ ಕಥೆ. ಅಟ್ಟೆ ಎಷ್ಟು ಗಟ್ಟಿ ಅನ್ನೋದಕ್ಕೆ ಒಂದೊಂದು ಕಂಪನಿ ಒಂದೊಂದು ನಂಬರ್ ಕೊಡುತ್ತೆ, ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆ ಆಗಲ್ಲ. ನಾನು ನಂಬರ್ ನೋಡಿ ತಗೊಂಡು ಆರು ತಿಂಗಳು ಪಾದ ಉರಿಸಿಕೊಂಡೆ. ಬೂಟಿನ 10 ಅನ್ನೋದು ಯಾರ 10 ಅಂತ ಮೊದಲು ಕೇಳಿ.

ಆಲ್ದೂರು ಟು ನಾಗಾನೊ

ಅಣ್ಣ, ನಾನು ಆಲ್ದೂರಿನವಳು. ಆರು ವರ್ಷದಿಂದ ಜಪಾನಿನ ನಾಗಾನೊದಲ್ಲಿ ಕೆಲಸ. ಸ್ನೋಬೋರ್ಡ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು 1998ರಲ್ಲಿ, ಇಲ್ಲೇ. ಇಲ್ಲಿ ಸಾಫ್ಟ್ ಬೂಟು ಹಾಕಿಕೊಂಡೇ ಮೈ ಹಿಮಕ್ಕೆ ತಾಗುವಷ್ಟು ವಾಲುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಆ ಹುಚ್ಚಿನವಳೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಹಿಡಿದು ಕೂತುಕೊಳ್ಳಿ.

ನೀವು ಮೂರು ತೊಂದರೆ ಹೇಳಿದ್ದೀರಿ. ಹಿಮ್ಮಡಿ ಏಳೋದು, ಬೂಟು ಮಡಚೋದು, ಮೂತಿ ಕಚ್ಚೋದು. ಇದರಲ್ಲಿ ಗಟ್ಟಿ ಬೂಟು ಸರಿಮಾಡೋದು ಮಧ್ಯದ್ದನ್ನು ಮಾತ್ರ. ಮೊದಲನೆಯದೂ ಕೊನೆಯದೂ ಅಳತೆಯ ತೊಂದರೆ. ನನಗೆ ಅನುಮಾನ, ನಿಮ್ಮ ಬೂಟು ದೊಡ್ಡದಿತ್ತು. ಬಾಡಿಗೆ ಅಂಗಡಿಯಲ್ಲಿ ಎಷ್ಟು ಅಂತ ಕೇಳಿದಾಗ '9, ದಪ್ಪ ಸಾಕ್ಸ್ ಹಾಕ್ತೀನಿ, 10 ಕೊಡಿ' ಅಂದಿರಿ. ಹೌದಾ ಇಲ್ವಾ?

ಸ್ನೋಬೋರ್ಡ್ ಬೂಟನ್ನು ಶೂ ನಂಬರಿನಿಂದ ತಗೊಳ್ಳಬಾರದು. ಮಾಂಡೋ ಅಂತ ಒಂದು ಅಳತೆ ಇದೆ. ಅದು ಬೇರೇನೂ ಅಲ್ಲ, ಪಾದದ ಉದ್ದ ಸೆಂಟಿಮೀಟರಿನಲ್ಲಿ. ಸಂಜೆ ಹೊತ್ತು, ತೋಟ ಸುತ್ತಿ ಬಂದ ಮೇಲೆ ಅಳೆಯಿರಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಗೋಡೆಗೆ ಹಿಮ್ಮಡಿ ಒತ್ತಿ, ಮೈಭಾರ ಪೂರ್ತಿ ಬಿಟ್ಟು ನಿಲ್ಲಿ. ಕಾಲಿನ ಕೆಳಗೆ ಹಾಳೆ ಇಡಿ. ಬೆರಳ ತುದಿ ಇನ್ನೊಬ್ಬರು ಗುರುತು ಮಾಡಲಿ, ನೀವೇ ಬಗ್ಗಿದರೆ ಪಾದ ಜರುಗುತ್ತದೆ. ಎರಡೂ ಕಾಲು ಅಳೆಯಿರಿ. ಅಗಲವನ್ನೂ.

ಬೂಟು ಹಾಕಿ ನೆಟ್ಟಗೆ ನಿಂತರೆ ಬೆರಳ ತುದಿ ಮುಂದೆ ಸಣ್ಣಗೆ ತಾಗಬೇಕು. ಮಂಡಿ ಬಗ್ಗಿಸಿದರೆ ಹಿಂದಕ್ಕೆ ಸರಿಯಬೇಕು. ತಾಗಲೇ ಇಲ್ಲ ಅಂದರೆ ದೊಡ್ಡದು. ಬೆರಳು ಮಡಚಿಕೊಂಡರೆ ಚಿಕ್ಕದು. ಹೊಸ ಲೈನರ್ (ಬೂಟಿನ ಒಳಗಿನ ಮೆತ್ತನೆ ಪದರ) ಕೆಲವು ದಿನ ಆಡಿದ ಮೇಲೆ ಒತ್ತಿಕೊಂಡು ಸಡಿಲ ಆಗುತ್ತದೆ, ಅರ್ಧ ಸೈಜ್‌ವರೆಗೂ. ಅಂಗಡಿಯಲ್ಲಿ 'ಆಹಾ ಮೆತ್ತಗಿದೆ' ಅನಿಸಿದ್ದು ಹತ್ತನೇ ದಿನಕ್ಕೆ ಮತ್ತೆ ಗಮ್‌ಬೂಟೇ.

ಇನ್ನು ಫ್ಲೆಕ್ಸ್. ಸೈಕಲ್ ಅಣ್ಣ ಹೇಳಿದ್ದು ಸರಿ, ಈ 1ರಿಂದ 10ರ ಲೆಕ್ಕಕ್ಕೆ ಯಾವ ಸಾರ್ವತ್ರಿಕ ಅಳತೆಯೂ ಇಲ್ಲ. ಒಂದು ಕಂಪನಿಯ 8 ಇನ್ನೊಂದರ 6 ಆಗಬಹುದು. ಗಟ್ಟಿ ಕಡೆಯ ಹೆಸರು ಬೇಕು ಅಂದರೆ ಬರ್ಟನ್ ಡ್ರೈವರ್ ಎಕ್ಸ್, ರೈಡ್ ಇನ್ಸಾನೊ, ಕೆ2 ಥ್ರಾಕ್ಸಿಸ್, ಸಾಲೊಮನ್ ಮಲಮ್ಯೂಟ್, ನಿಡೆಕರ್ ಟ್ಯಾಲನ್. ಇಲ್ಲಿ ಸುತ್ತಮುತ್ತ ಕಾಣೋದು ಹೆಚ್ಚಾಗಿ ಇವೇ. ಆದರೆ ಹೆಸರು ಹಿಡಿದು ಹೋಗಬೇಡಿ, ಒಂದೊಂದರ ಅಚ್ಚೂ ಬೇರೆ. ನನ್ನ ಹಿಮ್ಮಡಿ ಸಣ್ಣದು. ಎಲ್ಲರೂ ಹೊಗಳುವ ಒಂದು ಬೂಟಿನಲ್ಲಿ ನನ್ನ ಕಾಲು ಬಾವಿಗೆ ಬಿಟ್ಟ ಕೊಡದ ಹಾಗೆ ಆಡುತ್ತದೆ.

68 ಕಿಲೋಗೆ 10 ಜಾಸ್ತಿ ಅಂತ ನನ್ನ ಅಭಿಪ್ರಾಯ. ಕಾಲ್ಬೆರಳ ಕಡೆ ತಿರುಗುವಾಗ ಪಾದದ ಗಿಣ್ಣು ಬಗ್ಗಬೇಕು, ಕಣಕಾಲು ಬೂಟಿನ ನಾಲಿಗೆಯನ್ನು ಒತ್ತಬೇಕು. ಬೂಟು ಬಗ್ಗದೇ ಹೋದರೆ ಸೊಂಟ ಮುರಿದುಕೊಂಡು ಹಿಂಭಾಗ ಎತ್ತಿ ನಿಲ್ಲುತ್ತೀರಿ. ಅಂಚು ಬಿಟ್ಟುಹೋಗುತ್ತದೆ. 90 ಕಿಲೋ ಇರುವವರು ಬಗ್ಗಿಸುವ ಬೂಟನ್ನು 68 ಕಿಲೋ ಇರುವವರು ಬಗ್ಗಿಸೋಕಾಗಲ್ಲ. ಇನ್ನೊಂದು ವಿಷಯ, ಅಂಗಡಿಯ ಬೆಚ್ಚಗಿನ ಕೋಣೆಯಲ್ಲಿ ಹದವಾಗಿದ್ದ ಪ್ಲಾಸ್ಟಿಕ್ ಮೈನಸ್ ಹತ್ತರಲ್ಲಿ ಇನ್ನೂ ಬಿಗಿಯಾಗುತ್ತದೆ. 7 ಅಥವಾ 8 ನೋಡಿ.

ಗಟ್ಟಿಬೂಟು

ಇಷ್ಟೆಲ್ಲ ಯಾಕೆ? ಕಾರ್ವಿಂಗ್ ಬೇಕು ಅಂದರೆ ಸ್ಕೀ ಬೂಟಿನ ಹಾಗಿರೋ ಪ್ಲಾಸ್ಟಿಕ್ ಹಾರ್ಡ್ ಬೂಟು, ಅದನ್ನು ಬೋರ್ಡಿಗೆ ಹಿಡಿದಿಡುವ ಪ್ಲೇಟ್ ಬೈಂಡಿಂಗ್, ಕಿರಿದಾದ ಆಲ್ಪೈನ್ ಬೋರ್ಡು. ಇಬ್ಬರು ಪಕ್ಕಪಕ್ಕ ಇಳಿಯುವ ಸ್ನೋಬೋರ್ಡ್ ರೇಸು, ಒಲಿಂಪಿಕ್ಸ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್ ನೋಡಿ, ಸಾಫ್ಟ್ ಬೂಟಿನವರು ಕಾಣಲ್ಲ. ಝೆಕ್‌ನ ಎಸ್ತೆರ್ ಲೆಡೆಟ್ಸ್ಕಾ 2018ರ ಪ್ಯೋಂಗ್‌ಚಾಂಗ್‌ನಲ್ಲಿ ಸ್ಕೀ ಸೂಪರ್-ಜಿ ಚಿನ್ನವನ್ನೂ ಗೆದ್ದಳು, ಈ ಸ್ನೋಬೋರ್ಡ್ ಚಿನ್ನವನ್ನೂ ಗೆದ್ದಳು. ಕಾಲಲ್ಲಿ ಎರಡೂ ಸಲ ಪ್ಲಾಸ್ಟಿಕ್ ಬೂಟೇ. ಸಾಫ್ಟ್ ಬೂಟಿನಲ್ಲಿ ಕಾರ್ವಿಂಗ್ ಅಂದರೆ ಚಪ್ಪಲಿ ಹಾಕಿಕೊಂಡು ಫುಟ್‌ಬಾಲ್ ಆಡಿದ ಹಾಗೆ.

ಕಣದಂಚು

ಗಟ್ಟಿಬೂಟು ಸಾರ್, ನೀವು ಹೇಳೋದು ಸರಿ. ಆದರೆ ನಾನು ವರ್ಷಕ್ಕೆ ಹತ್ತು ದಿನ ಆಡುವವನು. ಅದರಲ್ಲಿ ಅರ್ಧ ಗುಲ್ಮಾರ್ಗ್. ಅಲ್ಲಿ ಗೊಂಡೊಲಾದ (ಕೇಬಲ್ ಕಾರು) ಎರಡನೇ ಹಂತ ಹತ್ತಿದರೆ ಅಫರ್ವಟ್, ಹತ್ತಿರ ಹತ್ತಿರ 3,980 ಮೀಟರ್. ಅಲ್ಲಿಂದ ಕೆಳಗೆ ಮೊಣಕಾಲುದ್ದ ಪುಡಿ ಹಿಮ. ಸಮ ಮಾಡಿದ ಇಳಿಜಾರು ಸಿಗೋದು ಕೆಳಗೆ ಸ್ವಲ್ಪ. ಹಾರ್ಡ್ ಬೂಟು ಹಾಕಿಕೊಂಡು ಆ ಪುಡಿಯಲ್ಲಿ ಇಳಿಯೋ ಧೈರ್ಯ ನನಗಿಲ್ಲ. ಒಂದೇ ಜೋಡಿ, ಎರಡೂ ಕಡೆಗೆ ಆಗಬೇಕು.

ತಂಗಿ, 10 ಕೊಡಿ ಅಂದದ್ದು ಹೌದು. ಹೇಗೆ ಗೊತ್ತಾಯ್ತು? ಎರಡು ಜೊತೆ ಸಾಕ್ಸ್ ಕೂಡ ಹಾಕಿದ್ದೆ.

ಆಲ್ದೂರು ಟು ನಾಗಾನೊ

ನಮ್ಮಪ್ಪನೂ ಗಮ್‌ಬೂಟು ಹೀಗೇ ತಗೊಳ್ಳೋದು ಅಣ್ಣ. ಒಂದು ನಂಬರ್ ದೊಡ್ಡದು, ಒಳಗೆ ಎರಡು ಸಾಕ್ಸ್. ಜಿಗಣೆಗೆ ಅದು ಸರಿ. ಇಲ್ಲಿ ಬೇಡ. ಒಂದೇ ಜೊತೆ, ತೆಳು ಉಣ್ಣೆಯದು, ಮೊಣಕಾಲು ಕೆಳಗಿನವರೆಗೆ ಬರುವಂಥದ್ದು. ಎರಡು ಹಾಕಿದರೆ ಒಂದರ ಮೇಲೊಂದು ಜಾರಿ ಸುಕ್ಕು ಬೀಳುತ್ತದೆ. ಸಡಿಲ ಬೂಟನ್ನು ಬಿಗಿ ಮಾಡೋಕೆ ಸ್ಟ್ರಾಪ್ ಎಳೆದು ಎಳೆದು ರಕ್ತ ಓಡದೆ ಬೆರಳು ತಣ್ಣಗಾಗುತ್ತದೆ. ಚಳಿ ಅಂತ ಹಾಕಿದ ಎರಡನೇ ಸಾಕ್ಸ್‌ನಿಂದಲೇ ಚಳಿ.

ಹಿಮ್ಮಡಿ ನೋವು

ಹಾಸನದಲ್ಲಿ ಫಿಸಿಯೋ ಆಗಿದ್ದೇನೆ. ಹಿಮ ಕಂಡದ್ದು ಮನಾಲಿಯಲ್ಲಿ ಒಂದೇ ಸಲ, ಅದೂ ಹನಿಮೂನಿನಲ್ಲಿ. ಆದರೆ ಗಿಣ್ಣು ಬಗ್ಗಬೇಕು ಅಂದದ್ದಕ್ಕೆ ಒಂದು ಮಾತು. ಬೂಟು ತಗೊಳ್ಳುವ ಮುಂಚೆ ನಿಮ್ಮ ಗಿಣ್ಣು ಎಷ್ಟು ಬಗ್ಗುತ್ತೆ ನೋಡಿಕೊಳ್ಳಿ. ಬರಿಗಾಲಲ್ಲಿ ಗೋಡೆ ಮುಂದೆ ನಿಂತು, ಹಿಮ್ಮಡಿ ಏಳದ ಹಾಗೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಆಗುತ್ತೆ ಅಂದರೆ ಪಾದ ಒಂದೊಂದೇ ಬೆರಳಗಲ ಹಿಂದಕ್ಕೆ ತನ್ನಿ. ನೆಲದಲ್ಲೇ ಬಗ್ಗದ ಗಿಣ್ಣು ಬೂಟಿನೊಳಗೆ ಬಗ್ಗಲ್ಲ. ಎರಡು ಕಾಲಿಗೂ ವ್ಯತ್ಯಾಸ ಇರುವುದು ಸಾಮಾನ್ಯ, ಅದರಲ್ಲೂ ಹಿಂದೆ ಉಳುಕಿದ್ದರೆ.

ಕಣದಂಚು

ಅಳೆದೆ. ತೋಟದ ಲೆಕ್ಕ ಬರೆಯುವ ರೈಟರ್ ಪೆನ್ಸಿಲ್ ಹಿಡಿದುಕೊಂಡು ಕೂತ, ಇದೇನು ಸಾರ್ ಜಾತಕಾನಾ ಅಂತ ಕೇಳಿದ. ಬಲಗಾಲು 26.9. ಎಡಗಾಲು 26.5. ಮೂರು ಸಲ ಅಳೆದೆ, ಅಷ್ಟೇ.

ಗೋಡೆ ಪರೀಕ್ಷೆಯಲ್ಲಿ ಬಲಗಾಲು ನಾಲ್ಕು ಬೆರಳು ಹಿಂದೆ ಬಂದರೂ ಮುಟ್ಟಿತು. ಎಡಗಾಲು ಎರಡೂವರೆ. ಕಾಲೇಜಿನಲ್ಲಿ ಕಬಡ್ಡಿ ಆಡಿ ಉಳುಕಿದ ಕಾಲು.

ಅಂದರೆ 27 ಸಾಕಾ? ಬಾಡಿಗೆಯ ಯುಕೆ 10 ಮಾಂಡೋದಲ್ಲಿ 29. ಇಷ್ಟು ದಿನ ನಾನು 29ರಲ್ಲಿ ಆಡಿದ್ದೆ ಅಂತಾಯ್ತು.

ಆಲ್ದೂರು ಟು ನಾಗಾನೊ

27, ಅಂದರೆ ಯುಕೆ 8. ಎರಡು ಸೆಂಟಿಮೀಟರ್ ದೊಡ್ಡ ದೋಣಿಯಲ್ಲಿ ಇದ್ದಿರಿ. ಹಿಮ್ಮಡಿ ಏಳದೆ ಇನ್ನೇನಾಗುತ್ತೆ!

ಮೂತಿ ಕಚ್ಚಿದ್ದೂ ಅರ್ಧ ಅದರಿಂದಲೇ. ಲೆಕ್ಕ ನೋಡಿ. 29ರ ಬೂಟಿನ ಹೊರಗಿನ ಉದ್ದ 32 ಅಂತಿಟ್ಟುಕೊಳ್ಳಿ, 27ರದ್ದು 30. ಬೈಂಡಿಂಗ್ 15 ಡಿಗ್ರಿಗೆ ತಿರುಗಿಸಿದ್ದರೆ 32ರ ಬೂಟು ಬೋರ್ಡಿನ ಅಡ್ಡಕ್ಕೆ ಸುಮಾರು 31 ಸೆಂ.ಮೀ. ಜಾಗ ತಿನ್ನುತ್ತದೆ. ನಿಮ್ಮ ಬೋರ್ಡಿನ ನಡು 25.2. ಕಾಲಿಡುವ ಜಾಗದಲ್ಲಿ ಸ್ವಲ್ಪ ಅಗಲ ಇದ್ದರೂ ಎರಡು ಕಡೆಯೂ ಎರಡೂವರೆ ಸೆಂ.ಮೀ. ಹೊರಗೆ. ಬೋರ್ಡು ಕಡಿದಾಗಿ ನಿಂತಾಗ ಮೊದಲು ನೆಲ ಮುಟ್ಟೋದು ಅದೇ.

ಈಗ ಹೊರಗಿನ ಉದ್ದ 30 ಇರುವ ಬೂಟು ಹಾಕಿ, ಮುಂದಿನ ಬೈಂಡಿಂಗ್ 30 ಡಿಗ್ರಿ ಮಾಡಿ. ಅಡ್ಡಕ್ಕೆ ಸುಮಾರು 26. ಹೊರಗೆ ಬರೋದು ಇಲ್ಲವೇ ಇಲ್ಲ ಅನ್ನುವಷ್ಟು. ಹಿಂದಿನ ಕಾಲನ್ನೂ ಮುಂದಕ್ಕೆ ತಿರುಗಿಸಬೇಕು, 12ರಿಂದ 15. ಹಿಂದಿನದನ್ನು ಮೈನಸ್‌ಗೆ ತಿರುಗಿಸಿ ಬಾತುಕೋಳಿ ಹಾಗೆ ನಿಲ್ಲೋದು ಹಿಮದ ದಿಬ್ಬ ಕಟ್ಟಿದ ಪಾರ್ಕಿನಲ್ಲಿ ಹಾರುವವರಿಗೆ ಸರಿ. ಕಾರ್ವಿಂಗ್‌ಗೆ ಎರಡೂ ಪಾದ ಮುಂದೆ ನೋಡಿದರೆ ಮೈ ಸಲೀಸಾಗಿ ತಿರುಗುತ್ತದೆ. ಮೊದಲ ದಿನ ಮಂಡಿಗೆ ವಿಚಿತ್ರ ಅನಿಸುತ್ತದೆ, ಮುಂದೆ 21, ಹಿಂದೆ 6ರಿಂದ ಶುರು ಮಾಡಿ.

ಬೂಟು ನೋಡುವಾಗ ಹೊರಗಿನ ಅಟ್ಟೆಯನ್ನೂ ಟೇಪ್ ಹಿಡಿದು ಅಳೆಯಿರಿ. ಒಂದೇ 27 ಆದರೂ ಕೆಲವು ಮೋಟಾಗಿರುತ್ತವೆ, ಕೆಲವು ಉದ್ದ.

ಗಟ್ಟಿಬೂಟು

ಈ ಲೆಕ್ಕ ಹಾಕಿದ್ದಕ್ಕೆ ಒಂದು ನಮಸ್ಕಾರ. ಹಾರ್ಡ್ ಬೂಟಿನಲ್ಲಿ ನಾವು 50, 60 ಡಿಗ್ರಿ ಇಡೋದು ಇದಕ್ಕೇ. ಬೋರ್ಡೇ 20 ಸೆಂ.ಮೀ. ಅಗಲ ಇರುತ್ತೆ.

ಸಾಫ್ಟ್ ಬೂಟೇ ಬೇಕು ಅಂದರೆ ಒಂದು ಮಾತು ಮರೆಯಬೇಡಿ. ಬೈಂಡಿಂಗ್ ಮೆತ್ತಗಿದ್ದರೆ ಬೂಟು ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ. ಹಿಮ್ಮಡಿ ಕಡೆ ವಾಲಿದಾಗ ನಿಮ್ಮನ್ನು ಹಿಡಿಯೋದು ಹೈಬ್ಯಾಕ್, ಅಂದರೆ ಬೈಂಡಿಂಗಿನ ಹಿಂದೆ ನಿಂತಿರೋ ಎತ್ತರದ ತಟ್ಟೆ. ಅದನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಇಟ್ಟುಕೊಳ್ಳಿ, ಮೀನಖಂಡಕ್ಕೂ ಅದಕ್ಕೂ ನಡುವೆ ಸಂದು ಇರಬಾರದು. ಗಿಣ್ಣಿನ ಸ್ಟ್ರಾಪ್ ಬೂಟಿನ ಮೇಲೆ ಸಮವಾಗಿ ಕೂತಿದೆಯಾ ನೋಡಿ. ಬೂಟು ಮಡಚುತ್ತೆ ಅಂತ ಬೈಯುವವರಲ್ಲಿ ಅರ್ಧ ಜನ ಈ ಸ್ಟ್ರಾಪನ್ನು ತೀರಾ ಮೇಲೆ ಕಟ್ಟಿರುತ್ತಾರೆ.

ಹಾಸನದ ಸೈಕಲ್

ಲೇಸಾ, ಗುಂಡಿ ತಿರುಗಿಸಿ ತಂತಿ ಬಿಗಿ ಮಾಡೋ ಬೋವಾನಾ? ಸೈಕಲ್ ಶೂನಲ್ಲಿ ಬೋವಾ ಗುಂಡಿ ತಿರುಗಿಸೋದು ಅಂದರೆ ನನಗೆ ಪ್ರಾಣ.

ಆಲ್ದೂರು ಟು ನಾಗಾನೊ

ಎರಡೂ ನಡೆಯುತ್ತೆ. ಬೋವಾ ಆದರೆ ಒಂದೇ ಗುಂಡಿ ಇರೋದು ಬೇಡ. ಮೇಲೊಂದು ಕೆಳಗೊಂದು ಇರಲಿ. ಪಾದದ ಹತ್ತಿರ ಸಡಿಲ, ಗಿಣ್ಣಿನ ಹತ್ತಿರ ಬಿಗಿ ಅಂತ ಬೇರೆ ಬೇರೆ ಮಾಡಬೇಕಾಗುತ್ತದೆ. ತಂತಿ ಕಡಿದುಹೋದರೆ ಗುಲ್ಮಾರ್ಗ್‌ನಲ್ಲಿ ಕೂತು ಏನೂ ಮಾಡೋಕಾಗಲ್ಲ, ಬಿಡಿ ತಂತಿಯ ಕಿಟ್ ಜೇಬಿನಲ್ಲಿ ಇರಬೇಕು. ಹಳೇ ಲೇಸು ಕಡಿದರೆ ಗಂಟು ಹಾಕಿ ಮುಂದೆ ಹೋಗಬಹುದು. ನಂದು ಲೇಸೇ. ಬೆಳಿಗ್ಗೆ ಐದು ನಿಮಿಷ ಬೈಕೊಂಡು ಕಟ್ಟುತ್ತೇನೆ, ಬೆರಳು ಕೆಂಪಾಗುತ್ತೆ, ಆದರೆ ಬೇಕಾದ ಕಡೆ ಬೇಕಾದಷ್ಟು ಬಿಗಿ ಸಿಗುತ್ತೆ.

ಕಣದಂಚು

ಲೈನರನ್ನು ಕಾಯಿಸಿ ಕಾಲಿನ ಅಚ್ಚು ಮಾಡಿಸಬೇಕು ಅಂತಾರಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದೆ, ನಾಲ್ಕು ಅಂಗಡಿಯಲ್ಲೂ ಮುಖ ಮುಖ ನೋಡಿದರು. ಅಕ್ಕಿ ತುಂಬಿದ ಸಾಕ್ಸನ್ನು ಮೈಕ್ರೋವೇವ್‌ನಲ್ಲಿ ಕಾಯಿಸಿ ಲೈನರ್ ಒಳಗೆ ತುಂಬಿದರೆ ಮನೆಯಲ್ಲೇ ಆಗುತ್ತೆ ಅಂತ ಒಬ್ಬರು ಹೇಳಿದರು. ಅಮ್ಮ ಕೇಳಿದರು, ಯಾವ ಅಕ್ಕಿ, ರಾಜಮುಡಿ ಮುಟ್ಟಿದರೆ ಜಾಗ್ರತೆ ಅಂತ.

ಆಲ್ದೂರು ಟು ನಾಗಾನೊ

😂 ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಅಕ್ಕಿ ಉಪಾಯ ಸುಳ್ಳಲ್ಲ, ಮಾಡುವವರಿದ್ದಾರೆ. ಆದರೆ ಜಾಸ್ತಿ ಕಾದರೆ ಫೋಮ್ ಕುಗ್ಗುತ್ತದೆ, ಅದು ವಾಪಸ್ ಬರಲ್ಲ. ಎಲ್ಲ ಲೈನರೂ ಕಾಯಿಸುವಂಥದ್ದಲ್ಲ, ಮೊದಲು ಅದನ್ನು ನೋಡಿ. ಹೇಗೂ ಮ್ಯೂನಿಕ್‌ಗೆ ಹೋಗ್ತೀರಲ್ಲ, ಅಲ್ಲಿನ ಅಂಗಡಿಯಲ್ಲೇ ಹಾಕಿ ನೋಡಿ, ಅಲ್ಲೇ ಕಾಯಿಸಿಕೊಳ್ಳಿ. ಆನ್‌ಲೈನಿನಲ್ಲಿ ಮಾತ್ರ ತರಿಸಬೇಡಿ.

ಹಾಕಿದ ಮೇಲೆ ತಕ್ಷಣ ಬಿಚ್ಚಬೇಡಿ. ಅರ್ಧ ಗಂಟೆ ಅಂಗಡಿಯಲ್ಲೇ ಓಡಾಡಿ. ಬೆರಳ ಮೇಲೆ ಭಾರ ಬಿಟ್ಟು ಮಂಡಿ ಮುಂದಕ್ಕೆ ತಳ್ಳಿ, ನಿಮ್ಮ ತಮ್ಮ ಹಿಂದಿನಿಂದ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯಲಿ. ಒಳಗೆ ನಿಮ್ಮ ಹಿಮ್ಮಡಿ ಎದ್ದರೆ ಇನ್ನೊಂದು ಜೋಡಿ ನೋಡಿ. ಗಿಣ್ಣಿನ ಹತ್ತಿರ ಬೂಟು ಸುಕ್ಕುಗಟ್ಟಿ ಒಳಕ್ಕೆ ಕುಸಿದರೂ ಬೇಡ. ಸಮವಾಗಿ ಬಗ್ಗಬೇಕು, ಬಿಲ್ಲಿನ ಹಾಗೆ.

ಸಕಲೇಶಪುರದ ಮಳೆ

ನೀವೆಲ್ಲ ತಗೊಳ್ಳೋದರ ಬಗ್ಗೆ ಮಾತಾಡ್ತಿದ್ದೀರಿ ಮಾರಾಯ್ರೆ, ಇಟ್ಟುಕೊಳ್ಳೋದರ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೊರದೇಶದಿಂದ ಒಳ್ಳೆ ಟ್ರೆಕಿಂಗ್ ಬೂಟು ತಂದಿದ್ದೆ. ಡಬ್ಬದಲ್ಲಿ ಹಾಕಿ ಅಟ್ಟದ ಮೇಲೆ ಇಟ್ಟೆ. ಮೂರು ಮಳೆಗಾಲ ಕಳೆಯಿತು. ಆಮೇಲೆ ಒಂದು ದಿನ ಹಾಕಿಕೊಂಡು ಬಿಸಿಲೆ ಕಡೆ ಹೊರಟೆ. ಎರಡು ಕಿಲೋಮೀಟರ್ ಆಗಿಲ್ಲ, ಅಟ್ಟೆ ಹಳೇ ರಸ್ಕ್ ಹಾಗೆ ಪುಡಿಪುಡಿ. ಹಗ್ಗ ಸುತ್ತಿಕೊಂಡು ವಾಪಸ್ ಬಂದೆ. ಒಂದು ದಿನವೂ ಸರಿಯಾಗಿ ಹಾಕದ ಬೂಟು.

ಆಮೇಲೆ ಓದಿದೆ. ಅಟ್ಟೆಯ ನಡುವಿನ ಪದರ ಪಾಲಿಯುರೆಥೇನ್ ಆಗಿದ್ದರೆ ಗಾಳಿಯಲ್ಲಿನ ತೇವ ಸೇರಿ ಒಳಗಿನಿಂದಲೇ ಒಡೆಯುತ್ತದಂತೆ. ಹಾಕಿದರೂ ಹಾಕದಿದ್ದರೂ. ಇವಿಎ ಅಂತ ಇನ್ನೊಂದು ಬಗೆಯ ಫೋಮ್ ಆದರೆ ಆ ಕಾಯಿಲೆ ಇಲ್ಲ. ಅಂಟು ಬಿಡೋದು, ಬೂಷ್ಟು ಹಿಡಿಯೋದು ಮಾತ್ರ ನಮ್ಮ ಕಡೆ ಯಾವುದಕ್ಕೂ ತಪ್ಪಿದ್ದಲ್ಲ. ನಿಮ್ಮ ಗಿರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ.

ಲೈನರ್ ಹೊರಗೆ ತೆಗೆದು ಬೇರೆ ಇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಗಿಯಬೇಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲೂ ಇಡಬೇಡಿ, ಹೊಗೆ ವಾಸನೆ ಜನ್ಮಕ್ಕೂ ಹೋಗಲ್ಲ.

ಕಣದಂಚು

ಇದು ತಲೆಗೇ ಬಂದಿರಲಿಲ್ಲ. ಕಾಫಿ ಸ್ಯಾಂಪಲ್ ಇಡುವ ಕಪಾಟು ಒಂದಿದೆ, ಒಳಗೆ ಬಲ್ಬ್ ಉರಿಯುತ್ತಿರುತ್ತೆ. ಅಲ್ಲಿ ಜಾಗ ಮಾಡ್ತೀನಿ. ಗುಲ್ಮಾರ್ಗ್‌ನಲ್ಲಿ ರಾತ್ರಿ ಬೂಟನ್ನು ಬುಖಾರಿ ಪಕ್ಕ ಇಟ್ಟು ಒಣಗಿಸಿಕೊಳ್ತಿದ್ದೆ. ಅದೂ ತಪ್ಪಾ?

ಆಲ್ದೂರು ಟು ನಾಗಾನೊ

ಪಕ್ಕ ಅಂದರೆ ಎಷ್ಟು ಪಕ್ಕ? ಕೈ ಇಟ್ಟರೆ ಹಿತ ಅನಿಸುವಷ್ಟು ದೂರ ಇರಲಿ. ಸೌದೆ ಒಲೆಯ ಬಿಸಿಗೆ ಅಂಟೂ ಹೋಗುತ್ತೆ, ಫೋಮೂ ಹೋಗುತ್ತೆ. ಲೈನರ್ ತೆಗೆದು ನೇತುಹಾಕಿ, ಸಾಕು.

ಹಿಮ್ಮಡಿ ನೋವು

ಮೊದಲು 'ಹಿಮ ಯಾವತ್ತು ಬಿತ್ತು' ಅಂದ ಸೈಕಲ್ ಅವರಿಗೆ: ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕರ್ನಾಟಕದ ಪರವಾಗಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಪದಕ ತಂದಿದ್ದಾರೆ. ಕೊಡಗಿನಲ್ಲೂ ಹಿಮ ಬೀಳಲ್ಲ.

ಹಾಸನದ ಸೈಕಲ್

ತಪ್ಪಾಯ್ತು ಡಾಕ್ಟ್ರೇ. 🙏

ಕಣದಂಚು (ಮಾರ್ಚ್)

ಹೋಗಿ ಬಂದೆ. ಬಂದ ಮೂರನೇ ದಿನಕ್ಕೆ ಹೂಮಳೆಯೂ ಬಿತ್ತು. ತೋಟವೆಲ್ಲ ಬೆಳ್ಳಗೆ, ಮಲ್ಲಿಗೆ ವಾಸನೆ. ಇಷ್ಟು ದಿನ ಬರೆಯೋಕೆ ಪುರುಸೊತ್ತಾಗಲಿಲ್ಲ.

ಮ್ಯೂನಿಕ್‌ನಲ್ಲಿ ಎರಡೂವರೆ ಗಂಟೆ ಅಂಗಡಿಯಲ್ಲಿ ಕೂತೆ. ಒಂಬತ್ತು ಜೋಡಿ ಹಾಕಿದೆ. ಮೊದಲು ಆಸೆಗೆ 10ರದ್ದೇ ಕೇಳಿದೆ. ಹಾಕಿ ಮಂಡಿ ಬಗ್ಗಿಸಿದರೆ ಸಿಮೆಂಟ್ ಕಂಬಕ್ಕೆ ಕಾಲು ಕಟ್ಟಿದ ಹಾಗೆ, ಎಡಗಾಲಂತೂ ಅಲ್ಲಾಡಲೇ ಇಲ್ಲ. ತಮ್ಮ ನಕ್ಕ. ಕೊನೆಗೆ ತಗೊಂಡದ್ದು 27, ಡಬ್ಬದ ಮೇಲೆ 8 ಅಂತ ಇದೆ, ಎರಡು ಬೋವಾ ಗುಂಡಿ. ಹೊರಗಿನ ಅಟ್ಟೆ ಟೇಪ್ ಹಿಡಿದರೆ 29.8. ಲೈನರ್ ಅಲ್ಲೇ ಕಾಯಿಸಿದರು. ಹದಿನೈದು ನಿಮಿಷ ಅಲ್ಲಾಡದೆ ನಿಲ್ಲಿಸಿದರು, ಶಾಲೆಯಲ್ಲಿ ಶಿಕ್ಷೆ ಕೊಟ್ಟ ಹಾಗೆ.

ಮೊದಲ ದಿನ ಮಧ್ಯಾಹ್ನದೊಳಗೆ ಬಲಗಾಲ ಹೆಬ್ಬೆರಳು ನೋವು. 29ರಲ್ಲಿ ಹಾಯಾಗಿದ್ದೆನಲ್ಲ ಅಂತ ತಂಗಿಯನ್ನು ಮನಸ್ಸಿನಲ್ಲೇ ಬೈದೆ. ಎರಡನೇ ದಿನ ಪರವಾಗಿಲ್ಲ. ಮೂರನೇ ದಿನ ಬೂಟು ಇದೆ ಅನ್ನೋದೇ ಮರೆತುಹೋಯ್ತು. ಬೈಂಡಿಂಗ್ 21 ಮತ್ತು 6ರಿಂದ ಶುರು ಮಾಡಿ 27 ಮತ್ತು 12ಕ್ಕೆ ನಿಂತೆ. ಮೂತಿ ಒಂದು ಸಲವೂ ಕಚ್ಚಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಮೇಲೆ ಹೋಗುವಾಗ ಕೆಳಗೆ ನೋಡಿದೆ. ಸಮ ಮಾಡಿದ ಹಿಮದ ಮೇಲೆ ಒಂದು ಸಣ್ಣ ಗೆರೆ, ಎಡಕ್ಕೊಂದು ಬಲಕ್ಕೊಂದು ತಿರುವು, ಆಮೇಲೆ ಮತ್ತೆ ಕಾಫಿ ಎಳೆದ ಹಾಗೆ. ಆ ಎರಡು ತಿರುವು ನಂದೇ. ತಮ್ಮನಿಗೆ ತೋರಿಸಿದೆ, ಅವನು ಫೋನ್ ನೋಡ್ತಿದ್ದ.

ಒಂದು ಪ್ರಶ್ನೆ ಉಳಿದಿದೆ. ಬಲಗಾಲು ಗಮ್ಮಂತ ಕೂತಿದೆ. ಎಡಗಾಲ ಹಿಮ್ಮಡಿ ಮಾತ್ರ ಬೆರಳ ಕಡೆ ವಾಲಿದಾಗ ಇನ್ನೂ ಒಂದು ಎಳೆ ಏಳುತ್ತಿದೆ. ಗಿಣ್ಣಿನ ಎರಡು ಪಕ್ಕ ಅಂಟಿಸುವ ಜೆ ಆಕಾರದ ಫೋಮ್ ತುಂಡು ಅಂಗಡಿಯವರು ಕೊಟ್ಟಿದ್ದಾರೆ. ಎಡಕ್ಕೆ ಮಾತ್ರ ಹಾಕಬಹುದಾ?

ಆಲ್ದೂರು ಟು ನಾಗಾನೊ

ಹಾಕಬಹುದು ಅಣ್ಣ. ಲೈನರಿನ ಹೊರಗಡೆ ಅಂಟಿಸಿ, ಒಳಗಡೆ ಅಲ್ಲ. ಗಿಣ್ಣಿನ ಗಂಟಿನ ಕೆಳಗೆ, ಹಿಂದಕ್ಕೆ ಬಾಗಿರೋ ಹಾಗೆ. ಮೊದಲು ಪೇಪರ್ ಟೇಪಿನಲ್ಲಿ ಹಚ್ಚಿ ಮನೆಯಲ್ಲೇ ಓಡಾಡಿ ನೋಡಿ.

ಬೈದದ್ದು ಗೊತ್ತಾಯ್ತು. ಆಲ್ದೂರಿನ ನಮ್ಮ ಮನೆಗೆ ಎರಡು ಕಿಲೋ ಪೀಬೆರಿ ಕಳಿಸಿ, ಸರಿಹೋಗುತ್ತೆ.

ಹಾಸನದ ಸೈಕಲ್

ಆ 10 ನಂಬರಿನ ಬೂಟು ಯಾವುದು ಅಂತ ಹೇಳಲೇ ಇಲ್ಲ?